ದಾನ ಕೊಟ್ಟ ಮಾತ್ರೆಗಳು

ಮೇಲುಕೋಟೆ
18 ನವೆಂಬರ್ 2024

ಚಿ. ಶಿಲ್ಪಾಗೆ ಅಲಮೇಲು ಮಿಸ್ ಮಾಡುವ ಆಶೀರ್ವಾದಗಳು.

ನಾನು ತಂಗಿ ವರಲಕ್ಷ್ಮಿಯ ಮನೆ ಸೇರಿ ಮೂರು ವಾರವಾಯಿತು. ಬಸವೇಶ್ವರನಗರದ ಮನೆಗೆ ಬೀಗ ಹಾಕಿದ್ದೇನೆ. ನಮ್ಮವರು ಹೋಗಿ ವರ್ಷ ತುಂಬುವ ತನಕ ಅಲ್ಲಿ ಒಬ್ಬಳೇ ಇರಕೂಡದು ಅನ್ನುವುದು ಇವಳ ಹಟ. ಫೋನ್ ಮಾಡುವ ಗೋಜಿಗೆ ಹೋಗಬೇಡ. ನನ್ನ ಕಿವಿಯ ಸಂಗತಿ ನಿನಗೆ ಗೊತ್ತೇ ಇದೆ. ನೀನು ಹೇಳಿದ್ದನ್ನು ವರಲಕ್ಷ್ಮಿ ನನ್ನ ಕಿವಿಯ ಹತ್ತಿರ ಕಿರುಚಬೇಕು, ಬೀದಿಗೆಲ್ಲ ಸುದ್ದಿ. ಕಾಗದ ಬರಿ. ಜ್ಞಾನಭಾರತಿಯಲ್ಲಿ ಎಂ.ಎ. ಕನ್ನಡ ಓದುತ್ತಿರುವವಳು ಎರಡು ಪುಟ ಬರೆಯುವುದಕ್ಕೆ ಮೂಗು ಮುರಿಯಬೇಡ.

ನಿಮ್ಮಪ್ಪ ಮಾತ್ರೆ ಶುರು ಮಾಡಿ ಹದಿನೈದು ದಿನ ದಾಟಿರಬೇಕು. ದಿನಕ್ಕೆ ಒಂದು, ಬೆಳಿಗ್ಗೆ ಒಂದೇ ಹೊತ್ತಿಗೆ. ನಮ್ಮ ಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಒಂದು ನಿಮಿಷ ಹಿಂದೆ ಮುಂದೆ ಆಗದ ಹಾಗೆ ಬೆಲ್ ಹೊಡೆದವನಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಮುಖದ ಮೇಲೆ, ಎದೆಯ ಮೇಲೆ ಮೊಡವೆಯ ಹಾಗೆ ಗುಳ್ಳೆ ಬರುತ್ತವೆ. ಹೆದರಬೇಡಿ, ಸಂತೋಷಪಡಿ. ನಮ್ಮವರಿಗೂ ಬಂದಿದ್ದವು, ಮಾತ್ರೆ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಹೊಟ್ಟೆ ಕೆಟ್ಟರೆ ಮಜ್ಜಿಗೆ ಅನ್ನ ಕೊಡಿ. ನಿಮ್ಮವ್ವ ಕಸ್ತೂರೆವ್ವನಿಗೆ ಹೇಳು, ಒಂದಿಷ್ಟು ದಿನ ಖಾರದ ಚಟ್ನಿ ಬೇಡ.

ಇನ್ನು ಆಸ್ಪತ್ರೆಯವರ ಮಾತು. ಮೊದಲ ಸಲ ಎದೆಗೆ ಸೂಜಿ ಹಾಕಿ ತೆಗೆದ ತುಣುಕು ಜೀನ್ ಪರೀಕ್ಷೆಗೆ ಸಾಲದು, ಇನ್ನೊಂದು ಸಲ ಚುಚ್ಚಬೇಕು, ರಿಪೋರ್ಟ್ ಬರಲು ಎರಡು ಮೂರು ವಾರ ಅಂದರಂತಲ್ಲ. ಆ ಎರಡನೆಯ ಸೂಜಿಯ ಮಾತು ಹೇಳುತ್ತ ನಿಮ್ಮಪ್ಪ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟ. ಹುಡುಗರ ಕಾಲಿಗೆ ಗಾಜು ಹೊಕ್ಕರೆ ತಾನೇ ಕಿತ್ತು ಹಾಕುತ್ತಿದ್ದ ಮನುಷ್ಯ! ನಾನು ಹೇಳಿದ್ದು ಇಷ್ಟೇ: ನಮ್ಮವರೂ ಬೀಡಿ ಸಿಗರೇಟು ಮುಟ್ಟಿದವರಲ್ಲ, ನಿಮ್ಮಪ್ಪ ತಮ್ಮಣ್ಣನೂ ಅಲ್ಲ. ಇಬ್ಬರಿಗೂ ಬಂದದ್ದು ಶ್ವಾಸಕೋಶದ ಕ್ಯಾನ್ಸರೇ. ಅದೇ ಕಾಯಿಲೆಗೆ ಅದೇ ಮಾತ್ರೆ, ಮತ್ತೆ ಸೂಜಿ ಯಾಕೆ?

ಹದಿಮೂರನೆಯ ದಿನ ಅವರ ಹೆಸರಿನಲ್ಲಿ ಕೊಡೆ, ಚಪ್ಪಲಿ, ತಂಬಿಗೆ ಎಲ್ಲ ದಾನ ಕೊಟ್ಟೆ. ಪುರೋಹಿತರು ಮಾಮೂಲಿನಂತೆ ತಗೊಂಡು ಹೋದರು. ಉಳಿದಿದ್ದ ಹದಿನೈದು ಸ್ಟ್ರಿಪ್ ಮಾತ್ರೆ ಮಾತ್ರ ನಿಮ್ಮಪ್ಪನ ಕೈಯಲ್ಲಿಟ್ಟು ತುಳಸಿ ನೀರು ಬಿಟ್ಟೆ. ಕೊಟ್ಟದ್ದರಲ್ಲಿ ನನ್ನ ಮನಸ್ಸಿಗೆ ಹಿಡಿದದ್ದು ಅದೊಂದೇ. ಉಳಿದದ್ದು ನೀನು ಬರೆದ ಮೇಲೆ.

ಅಲಮೇಲು ಮಿಸ್


ಶ್ರೀಗಂಧದ ಕಾವಲ್, ಬೆಂಗಳೂರು
2 ಡಿಸೆಂಬರ್ 2024

ಪೂಜ್ಯ ಮಿಸ್ ಅವರಿಗೆ ಶಿಲ್ಪಾಳ ನಮಸ್ಕಾರಗಳು.

ನಿಮ್ಮ ಪತ್ರ ಬಂದ ದಿನ ಮನೆಯಲ್ಲಿ ಹಬ್ಬ. ಅಪ್ಪ ನನ್ನಿಂದ ಎರಡು ಸಲ ಓದಿಸಿದರು. 'ಗುಳ್ಳೆ ಬರುತ್ತವೆ' ಅನ್ನುವ ಸಾಲಿಗೆ ಬಂದಾಗ ಅಂಗಿ ಬಿಚ್ಚಿ ಎದೆ ತೋರಿಸಿದರು. ಗುಳ್ಳೆ ಬಂದಿವೆ ಮಿಸ್! ಮುಖದ ಮೇಲೂ ಬಂದಿವೆ. ಪಕ್ಕದ ಮನೆ ಆಂಟಿ 'ಏನ್ರೀ ತಮ್ಮಣ್ಣ, ಈ ವಯಸ್ಸಲ್ಲಿ ಮೊಡವೆ?' ಅಂದರು. ಅಪ್ಪ ಮೀಸೆ ಮೇಲೆ ಕೈ ಹಾಕಿ ನಕ್ಕರು. 'ನಮ್ಮ ಅಕ್ಕೋರಿಗೆ ಬರಿ, ಗುಳಿಗಿ ಹತ್ತೈತಿ ಅಂತ' ಅಂತ ಹೇಳಿದ್ದಾರೆ. ನೀವು ಎಷ್ಟು ವರ್ಷ ಮಿಸ್ ಅಂತ ಕರೆಸಿಕೊಂಡರೂ ಅವರ ಬಾಯಲ್ಲಿ ನೀವು ಅಕ್ಕೋರೇ.

ಅವ್ವ ಮಾತ್ರೆಯ ಡಬ್ಬಿಯನ್ನು ದೇವರ ಗೂಡಿನಲ್ಲಿ ಇಟ್ಟಿದ್ದಾಳೆ. ಬೆಳಿಗ್ಗೆ ದೀಪ ಹಚ್ಚಿದ ಮೇಲೆಯೇ ಒಂದು ತೆಗೆದು ಕೊಡುವುದು.

ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂದಿತ್ತು, ಸ್ಯಾಂಪಲ್ ಕೊಡಲು ಯಾವಾಗ ಬರುತ್ತೀರಿ ಅಂತ. ಊರಿಗೆ ಹೋಗಿದ್ದೇವೆ, ಬಂದ ಮೇಲೆ ಬರುತ್ತೇವೆ ಅಂದೆ. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ನಿಮಗೆ ಗೊತ್ತು. ಆದರೆ ಮಾತ್ರೆ ಎಲ್ಲಿಂದ ಬಂತು ಅಂತ ಅವರಿಗೆ ಹೇಗೆ ಹೇಳಲಿ?

ಶ್ರೀಶ ಸಾರ್ ನೆನಪಾಗುತ್ತಾರೆ. ನಾನು ಟೆಂತ್ ಪಾಸಾದಾಗ ಪೆನ್ ಕೊಟ್ಟಿದ್ದರು. ಹೋದ ಮೇಲೂ ಅಪ್ಪನಿಗೆ ಔಷಧಿ ಕೊಟ್ಟು ಹೋದರು ಅಂತ ಅವ್ವ ದಿನಾ ಹೇಳುತ್ತಾಳೆ.

ನಿಮ್ಮ ವಿದ್ಯಾರ್ಥಿನಿ
ಶಿಲ್ಪಾ


ಮೇಲುಕೋಟೆ
14 ಡಿಸೆಂಬರ್ 2024

ಚಿ. ಶಿಲ್ಪಾಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ನನಗೆ ಎಷ್ಟು ಹಿಗ್ಗಾಯಿತು ಅಂದರೆ, ಸಾವಾದ ಮನೆಯವಳು ಇಷ್ಟು ನಗಬಾರದು ಅಂತ ವರಲಕ್ಷ್ಮಿ ಗದರಿಸಿದಳು. ಗದರಿಸಿಕೊಳ್ಳಲಿ. ಅವರು ಹೋದ ಮೇಲೆ ನನಗೆ ಬಂದ ಮೊದಲ ಒಳ್ಳೆಯ ಸುದ್ದಿ ಇದು. ಇಲ್ಲಿ ಕಂಡವರಿಗೆಲ್ಲ ಹೇಳಿದ್ದೇನೆ. ಪಕ್ಕದ ಮನೆಯ ನಾಗೇಂದ್ರ, ದೇವಸ್ಥಾನದಲ್ಲಿ ಪಾರುಪತ್ಯ ನೋಡುವವರು, 'ಅನ್ನದಾನ ಮಾಡೋರು ಬೇಕಾದಷ್ಟು ಜನ, ನೀವು ಪ್ರಾಣದಾನ ಮಾಡಿದ್ರಿ' ಅಂದರು. ಕೇಳಿ ಸಂಕೋಚಪಟ್ಟವಳ ಹಾಗೆ ನಿಂತೆ. ಒಳಗೊಳಗೆ ಚೆನ್ನಾಗಿಯೇ ಇತ್ತು.

ನಮ್ಮವರಿಗೆ ಮಾತ್ರೆ ಶುರು ಮಾಡಿ ಮೂರನೆಯ ವಾರಕ್ಕೆ ಕೆಮ್ಮು ನಿಂತಿತ್ತು. ಎರಡನೆಯ ತಿಂಗಳಿಗೆ ಮನೆಯಿಂದ ಹೌಸಿಂಗ್ ಬೋರ್ಡ್ ಬಸ್ ಸ್ಟಾಪ್ ತನಕ ನಡೆದು ಹೋಗಿ ತರಕಾರಿ ತಂದರು. ಹದಿನಾಲ್ಕು ತಿಂಗಳು ಹಾಗೇ ಇದ್ದರು. ಆಮೇಲೆ ಗಡ್ಡೆ ತನ್ನ ಬುದ್ಧಿ ತೋರಿಸಿತು. ರಕ್ತ ಪರೀಕ್ಷೆ ಮಾಡಿ ಈ ಮಾತ್ರೆ ಸಾಕು, ಬೇರೆ ಮಾತ್ರೆ ತಗೊಳ್ಳಿ ಅಂದರು. ಮುಂಚೆಯೇ ತಂದಿಟ್ಟಿದ್ದದ್ದು ಹಾಗೇ ಉಳಿಯಿತು.

ತಮ್ಮಣ್ಣನ ಕೆಮ್ಮು ಹೇಗಿದೆ? ಅದನ್ನು ನೀನು ಬರೆಯಲಿಲ್ಲ. ಊಟ, ನಿದ್ದೆ, ತೂಕ ಎಲ್ಲ ಬರಿ. ಆಸ್ಪತ್ರೆಯವರಿಗೆ ಸುಳ್ಳು ಹೇಳಿದ್ದಕ್ಕೆ ಅಷ್ಟು ಕೊರಗಬೇಡ. ಗುಣವಾದವನನ್ನು ಕರೆದುಕೊಂಡು ಹೋಗಿ ಎದುರಿಗೆ ನಿಲ್ಲಿಸಿದರೆ ಅವರೇ ಬೆರಗಾಗುತ್ತಾರೆ.

ಅಲಮೇಲು ಮಿಸ್


ಶ್ರೀಗಂಧದ ಕಾವಲ್
5 ಜನವರಿ 2025

ಪೂಜ್ಯ ಮಿಸ್ ಅವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು, ಕ್ಷಮಿಸಿ. ಇಂಟರ್ನಲ್ಸ್ ಇದ್ದವು.

ಅಪ್ಪ ಚೆನ್ನಾಗಿದ್ದಾರೆ. ಕೆಮ್ಮು ಕಡಿಮೆ. ಗುಳ್ಳೆ ಹಾಗೇ ಇವೆ. ಸ್ಕೂಲಿನಲ್ಲಿ ಈಗ ಎಲೆಕ್ಟ್ರಿಕ್ ಬೆಲ್ ಹಾಕಿದ್ದಾರೆ, ಅಪ್ಪನಿಗೆ ಅಲ್ಲಿ ಅಷ್ಟು ಕೆಲಸವಿಲ್ಲ. ಹಾಗಾಗಿ ಮನೆಯಲ್ಲೇ ಇದ್ದಾರೆ. ನಾವು ಮೇಲಿನ ಮನೆ ಬಿಟ್ಟು ಅದೇ ಬಿಲ್ಡಿಂಗಿನಲ್ಲಿ ಕೆಳಗಿನ ಒಂದು ರೂಮಿಗೆ ಬಂದಿದ್ದೇವೆ. ಅವ್ವನಿಗೆ ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟವಾಗುತ್ತಿತ್ತು.

ನೀವು ಅಲ್ಲಿ ಎಲ್ಲರಿಗೂ ಹೇಳಿದ ವಿಷಯ ಓದಿ ಅಪ್ಪ ಕಣ್ಣಲ್ಲಿ ನೀರು ಹಾಕಿಕೊಂಡರು. ಸಂಕ್ರಾಂತಿಗೆ ನಿಮಗೆ ಎಳ್ಳು ಬೆಲ್ಲ ಕಳಿಸಲು ಹೇಳಿದ್ದಾರೆ. ಈ ವರ್ಷ ನೀವು ತಗೊಳ್ಳುವ ಹಾಗಿಲ್ಲ ಅಂತ ಅವ್ವ ಹೇಳಿದಳು. ಅದಕ್ಕೆ ಕಳಿಸಲಿಲ್ಲ.

ಮತ್ತೇನೂ ವಿಶೇಷವಿಲ್ಲ.

ಶಿಲ್ಪಾ


ಮೇಲುಕೋಟೆ
19 ಜನವರಿ 2025

ಚಿ. ಶಿಲ್ಪಾಗೆ,

ಕಾಗದ ತಲುಪಿತು. ನಾನು ಕ್ಷೇಮ.

ಮಾತ್ರೆ ಎಷ್ಟು ಉಳಿದಿವೆ ಎಂದು ಎಣಿಸಿ ತಿಳಿಸು. ಉಳಿದದ್ದನ್ನು ಸದ್ಯಕ್ಕೆ ತೆಗೆದುಕೊಳ್ಳುವುದು ಬೇಡ, ಒಂದು ಕಡೆ ಇಟ್ಟಿರು. ಬೇರೆ ಯಾರ ಕೈಗೂ ಕೊಡಬೇಡ. ಒಂದು ಸಲ ಆಸ್ಪತ್ರೆಗೆ ಹೋಗಿ ಆ ಸ್ಯಾಂಪಲ್ ಕೊಟ್ಟು ಬಂದರೆ ತಪ್ಪೇನಿಲ್ಲ ಅಂತ ನನಗೆ ಈಗ ಅನ್ನಿಸುತ್ತಿದೆ. ದೊಡ್ಡವರ ಮಾತು ಅಂತ ತಿಳಿದು ಹೋಗಿ ಬನ್ನಿ. ಕಾರಣ ಕೇಳಬೇಡ. ನಿಮ್ಮಪ್ಪನಿಗೆ ಏನು ಹೇಳಬೇಕೋ ನೀನೇ ಯೋಚಿಸಿ ಹೇಳು, ಗಾಬರಿ ಮಾಡಬೇಡ.

ಇಲ್ಲಿ ಚಳಿ ಹೆಚ್ಚು. ಬರೆಯಲು ಕೈ ಓಡುತ್ತಿಲ್ಲ.

ಅಲಮೇಲು


ಶ್ರೀಗಂಧದ ಕಾವಲ್
1 ಫೆಬ್ರವರಿ 2025

ಮಾನ್ಯರೇ,

ತಾವು ಕೇಳಿದ ಲೆಕ್ಕ: ಹದಿನೈದು ಸ್ಟ್ರಿಪ್‌ನಲ್ಲಿ ಒಂಬತ್ತು ಖಾಲಿಯಾಗಿವೆ. ಹತ್ತನೆಯದರಲ್ಲಿ ಎಂಟು ಇವೆ. ಖಾಲಿ ಸ್ಟ್ರಿಪ್‌ಗಳನ್ನೂ ಅವ್ವ ಎಸೆದಿಲ್ಲ. ಬೇಕಾದರೆ ಎಲ್ಲವನ್ನೂ ಪಾರ್ಸೆಲ್ ಮಾಡುತ್ತೇನೆ.

ನಿಮ್ಮ ಪತ್ರ ಓದಿದ ಮೇಲೆ ಅವ್ವ ಸ್ಟ್ರಿಪ್‌ಗಳನ್ನೆಲ್ಲ ತಾನೇ ಎಣಿಸಿದಳು. ಆಮೇಲೆ ಕೇಳಿದಳು, 'ನೀರು ಬಿಟ್ಟು ಕೊಟ್ಟಿದ್ದನ್ನ ಯಾರರ ಎಣಿಸಿ ಕೇಳ್ತಾರೇನ? ನಾವು ಮಾರ್ಕೊಂಡೀವಿ ಅಂತ ತಿಳ್ಕೊಂಡಾರೇನ?' ದುಬಾರಿ ಮಾತ್ರೆ, ನಮ್ಮಂಥವರ ಮನೆಯಲ್ಲಿ ಇದೆ ಅಂದರೆ ಯಾರಿಗಾದರೂ ಅನುಮಾನ ಬರಬಹುದು. ನಿಮಗೆ ಬರುತ್ತೆ ಅಂದುಕೊಂಡಿರಲಿಲ್ಲ.

ಅಪ್ಪನಿಗೆ ಈ ಪತ್ರ ಓದಿಲ್ಲ. ಓದಿದರೆ ಆ ಮನುಷ್ಯ ಮಾತ್ರೆ ಬಿಟ್ಟುಬಿಡುತ್ತಾರೆ. ಆದ್ದರಿಂದ ಮಾತ್ರೆ ನಡೆಯುತ್ತಿದೆ, ನಡೆಯುತ್ತದೆ. ಸೂಜಿಯ ವಿಷಯ ನೀವೇ ಬೇಡ ಅಂದಿರಿ, ಈಗ ನೀವೇ ಬೇಕು ಅನ್ನುತ್ತೀರಿ. ಕಾರಣ ಕೇಳಬಾರದು ಅಂದಿದ್ದೀರಿ, ಕೇಳುವುದಿಲ್ಲ.

ಇತಿ,
ಶಿಲ್ಪಾ ತಮ್ಮಣ್ಣ


ಮೇಲುಕೋಟೆ
4 ಮಾರ್ಚ್ 2025

ಶಿಲ್ಪಾ,

ಈ ಕಾಗದ ಓದಿ ಮುಗಿಸುವ ಮೊದಲು ಒಂದು ಕೆಲಸ ಮಾಡು. ನಾಳೆ ಬೆಳಿಗ್ಗೆಯ ಮಾತ್ರೆ ಕೊಡಬೇಡ. ಅಪ್ಪನನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗು. ಈಗ ಉಳಿದದ್ದು ಓದು.

ಸಂಕ್ರಾಂತಿಯ ಮಾರನೆಯ ದಿನ ಪೆನ್ಷನ್ ಕಾಗದ ಹುಡುಕುತ್ತ ನಮ್ಮವರ ಆಸ್ಪತ್ರೆಯ ಫೈಲು ಬಿಚ್ಚಿದೆ. ಅದರಲ್ಲಿ ಒಂದು ನೋಟ್‌ಬುಕ್ಕು ಇತ್ತು. ಡಾಕ್ಟರು ಹೇಳಿದ್ದನ್ನೆಲ್ಲ ನಾನು ಬರೆದುಕೊಳ್ಳುತ್ತಿದ್ದೆ. ಮೇಷ್ಟ್ರ ಕೆಲಸ ಮಾಡಿದವರ ಚಟ. ಮಾತ್ರೆ ಶುರು ಮಾಡಿದ ದಿನದ ಪುಟದಲ್ಲಿ ಹೀಗಿದೆ: 'ಎಲ್ಲರ ಶ್ವಾಸಕೋಶದ ಕ್ಯಾನ್ಸರೂ ಒಂದೇ ಅಲ್ಲ. ಗಡ್ಡೆಯ ಒಳಗೆ ಯಾವ ಜೀನ್ ಕೆಟ್ಟಿದೆ ನೋಡಬೇಕು. ಇವರಿಗೆ ಇ.ಜಿ.ಎಫ್.ಆರ್. ಕೆಟ್ಟ ಸ್ವಿಚ್ಚಿನ ಹಾಗೆ ಅದು ಆರುವುದೇ ಇಲ್ಲ, ಗಡ್ಡೆ ಬೆಳೆಯುತ್ತಲೇ ಇರುತ್ತದೆ. ಈ ಮಾತ್ರೆ ಆ ಒಂದು ಸ್ವಿಚ್ಚನ್ನು ಮಾತ್ರ ಆರಿಸುತ್ತದೆ. ಬೇರೆ ಸ್ವಿಚ್ಚು ಕೆಟ್ಟವರಿಗೆ ಉಪಯೋಗವಿಲ್ಲ. ಉಳಿದರೆ ಬೇರೆ ರೋಗಿಗೆ ಕೊಡಬಾರದು.' ಕೊನೆಯ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ. ಅಕ್ಷರ ನನ್ನದು, ಗೆರೆಯೂ ನನ್ನದೇ.

ಮರೆತಿದ್ದೆ ಅಂತ ಬರೆದುಬಿಡಬಹುದು. ಪೂರ್ತಿ ಮರೆತಿರಲಿಲ್ಲ. ಹದಿಮೂರನೆಯ ದಿನ ತಮ್ಮಣ್ಣ ಎರಡೂ ಕೈ ಒಡ್ಡಿ ನಿಂತಿದ್ದಾಗ ಡಾಕ್ಟರು ಏನೋ ಅಂದಿದ್ದರಲ್ಲ ಅಂತ ಒಂದು ಕ್ಷಣ ಅನ್ನಿಸಿತ್ತು. ಬಂದವರೆಲ್ಲ ನೋಡುತ್ತಿದ್ದರು. ತುಳಸಿ ನೀರು ಕೈಯಲ್ಲಿತ್ತು. ಬಿಟ್ಟೆ. ನಮ್ಮವರ ಮಾತ್ರೆಯಿಂದ ಒಂದು ಜೀವ ಉಳಿದರೆ ಅವರು ಹೋದದ್ದಕ್ಕೂ ಒಂದು ಅರ್ಥ ಬರುತ್ತದೆ ಅನ್ನುವ ಆಸೆ ನನಗಿತ್ತು. ಆ ಆಸೆಗೆ ನಿಮ್ಮಪ್ಪನ ಮೈ ಬಳಸಿಕೊಂಡೆ.

ಅದಾದರೂ ತಿಳಿಯದೆ ಮಾಡಿದ ತಪ್ಪು ಅನ್ನಬಹುದು. ಆಮೇಲಿನದಕ್ಕೆ ಆ ಹೆಸರೂ ಇಲ್ಲ. ತಿಳಿದ ದಿನವೇ ಬಸ್ಸು ಹತ್ತಬಹುದಿತ್ತು. ಮಾಸಿಕ ತಿಥಿ ಇದೆ, ಊರು ಬಿಡಬಾರದು ಅಂತ ವರಲಕ್ಷ್ಮಿ ಅಂದಳು. ಸದ್ಯ ಅಂದಳಲ್ಲ ಅಂತ ಅದರ ಹಿಂದೆ ಅಡಗಿದೆ. ಅವಳಿಂದ ಫೋನ್ ಮಾಡಿಸಬಹುದಿತ್ತು. ಮಾಡಿಸಿದರೆ ಅವಳಿಗೆ ಗೊತ್ತಾಗುತ್ತಿತ್ತು, ಪ್ರಾಣದಾನ ಅಂದ ನಾಗೇಂದ್ರರಿಗೆ ಗೊತ್ತಾಗುತ್ತಿತ್ತು. ಅದಕ್ಕೆ ಜನವರಿಯಲ್ಲಿ ಆ ಕಳ್ಳ ಕಾಗದ ಬರೆದೆ, 'ಕಾರಣ ಕೇಳಬೇಡ' ಅಂತ. ನಿನ್ನ ಉತ್ತರ ಬಂದಾಗ ನನಗೆ ಏನಾಯಿತು ಗೊತ್ತೇ? ಸಮಾಧಾನವಾಯಿತು. ಇವರು ನನ್ನ ಮೇಲೆ ಕೋಪ ಮಾಡಿಕೊಂಡಿದ್ದಾರೆ, ಇನ್ನು ನಾನು ಬರೆಯದಿದ್ದರೂ ನಡೆಯುತ್ತದೆ ಅಂತ. ಇಂಥ ಹೆಂಗಸು ನಿನಗೆ ಒಂಬತ್ತನೇ ಕ್ಲಾಸಿನಲ್ಲಿ ನೀತಿ ಪಾಠ ಮಾಡಿದ್ದಳು.

ತಿಳಿದ ದಿನದಿಂದ ಇವತ್ತಿಗೆ ನಲವತ್ತೆಂಟು ದಿನ. ಕಸ್ತೂರೆವ್ವನಿಗೆ ಹೇಳು, ನಿಮ್ಮ ಮೇಲೆ ನನಗೆ ಯಾವತ್ತೂ ಅನುಮಾನ ಇರಲಿಲ್ಲ. ನಿಜ ಹೇಳಲು ಅಳುಕಿದವಳು ನಾನು.

ಅಲಮೇಲು


ಬೆಂಗಳೂರು
24 ಮಾರ್ಚ್ 2025

ಮಿಸ್,

ಆಸ್ಪತ್ರೆಯ ವೆರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಬೈಯಬೇಕು ಅಂತ ನಾಲ್ಕು ಸಲ ಶುರು ಮಾಡಿ ಹರಿದು ಹಾಕಿದೆ. ಬೈಯಲು ನನಗೂ ಮುಖವಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮಾರ್ಚ್ ಎಂಟಕ್ಕೆ ಅಪ್ಪನನ್ನು ಕರೆದುಕೊಂಡು ಬಂದೆವು. ಎರಡನೆಯ ಸೂಜಿ ಆಯಿತು. ಇಷ್ಟು ದಿನ ಹೆದರಿದ್ದ ಮನುಷ್ಯ ಒಂದು ಸಲ ಹಲ್ಲು ಕಚ್ಚಿದರು, ಅಷ್ಟೇ. ಮೊನ್ನೆ ರಿಪೋರ್ಟ್ ಬಂತು. ಇ.ಜಿ.ಎಫ್.ಆರ್ ಅಲ್ಲ. ಅಪ್ಪನ ಗಡ್ಡೆಯಲ್ಲಿ ಕೆಟ್ಟಿರುವುದು ಎ.ಎಲ್.ಕೆ ಅನ್ನುವ ಬೇರೆ ಜೀನ್. ಶ್ರೀಶ ಸಾರ್ ಅವರ ಮಾತ್ರೆ ಅದರ ತಂಟೆಗೇ ಹೋಗಿಲ್ಲ. ಹಾಗಾದರೆ ಗುಳ್ಳೆ ಬಂದವಲ್ಲ ಅಂತ ಡಾ. ಮಾಲವಿಕಾ ಅವರನ್ನು ಕೇಳಿದೆ. 'ಆ ಮಾತ್ರೆ ತಗೊಂಡ್ರೆ ಯಾರಿಗೆ ಬೇಕಾದ್ರೂ ಗುಳ್ಳೆ ಬರುತ್ತಮ್ಮ. ಚರ್ಮಕ್ಕೆ ತಾಗಿದೆ ಅಂತ ಅರ್ಥ, ಗಡ್ಡೆಗೆ ತಾಗಿದೆ ಅಂತಲ್ಲ' ಅಂದರು.

ಎ.ಎಲ್.ಕೆಗೆ ಅಂತಲೇ ಬೇರೆ ಮಾತ್ರೆ ಇದೆಯಂತೆ ಮಿಸ್. ತುಂಬ ಚೆನ್ನಾಗಿ ಕೆಲಸ ಮಾಡುತ್ತದಂತೆ, ಎಷ್ಟೋ ಜನ ವರ್ಷಗಟ್ಟಲೆ ಕೆಲಸಕ್ಕೆ ಹೋಗಿಕೊಂಡು ಇದ್ದಾರಂತೆ. ನವೆಂಬರಿನಲ್ಲೇ ಕೊಡಬಹುದಿತ್ತು ಅಂದರು. ಆಸ್ಪತ್ರೆಯ ನಿಧಿಯವರು ಒಪ್ಪಿದ್ದಾರೆ, ನಿನ್ನೆಯಿಂದ ಶುರುವಾಗಿದೆ. ಎದೆಯ ಗಡ್ಡೆ ಕರಗಬಹುದು. ಆದರೆ ಅದು ಅಷ್ಟರೊಳಗೆ ಬೆನ್ನುಮೂಳೆಗೆ ಇಳಿದು ನರ ಒತ್ತಿದೆ. ಹೋದ ವಾರ ಅಪ್ಪನ ಕಾಲು ಎರಡೂ ಬಿದ್ದುಹೋದವು. ರೇಡಿಯೇಷನ್ ಕೊಡುತ್ತಿದ್ದಾರೆ. ಮತ್ತೆ ನಡೆಯುತ್ತಾರೆ ಅಂತ ಯಾರೂ ಹೇಳುತ್ತಿಲ್ಲ.

ಈಗ ನನ್ನ ವಿಷಯ. ಜನವರಿಯಲ್ಲಿ ಕೆಮ್ಮು ಕಡಿಮೆ ಅಂತ ಬರೆದೆನಲ್ಲ, ಸುಳ್ಳು. ಕಫದಲ್ಲಿ ರಕ್ತ ಬರುತ್ತಿತ್ತು. ಮೆಟ್ಟಿಲು ಹತ್ತಲು ಆಗದೆ ಇದ್ದದ್ದು ಅವ್ವನಿಗಲ್ಲ, ಅಪ್ಪನಿಗೆ. ಬೆಲ್ ಕೂಡ ಹಾಗೇ. ಹಗ್ಗ ಎಳೆಯಲು ಕೈ ಎತ್ತಿದರೆ ಬೆನ್ನು ನೋಯುತ್ತಿತ್ತು, ಅದಕ್ಕೆ ಎಲೆಕ್ಟ್ರಿಕ್ ಹಾಕಿದರು. 'ಅಕ್ಕೋರು ಅಷ್ಟು ಪ್ರೀತಿಯಿಂದ ಕೊಟ್ಟಾರ, ಹತ್ತಿಲ್ಲ ಅಂತ ಹೆಂಗ ಬರೀತಿ?' ಅಂತ ಅಪ್ಪ ಅಂದರು. ಸಾರ್ ತೀರಿಕೊಂಡ ದುಃಖದಲ್ಲಿ ಇದ್ದೀರಿ, ಊರಲ್ಲೆಲ್ಲ ಹೇಳಿಬಿಟ್ಟಿದ್ದೀರಿ, ನಿಮ್ಮ ಮನಸ್ಸು ಮುರಿಯುವುದು ಬೇಡ ಅಂತ ನಾನೂ ಬರೆಯಲಿಲ್ಲ. ನಿಜ ಬರೆದಿದ್ದರೆ ನೀವು ಆ ಫೈಲನ್ನು ಮುಂಚೆಯೇ ತೆಗೆಯುತ್ತಿದ್ದಿರೋ ಏನೋ. ಡಾಕ್ಟರು ಮಾತ್ರೆ ಯಾರು ಕೊಟ್ಟರು ಅಂತ ಕೇಳಿದಾಗಲೂ ಸುಳ್ಳೇ ಹೇಳಿದೆ, ಊರಿನಲ್ಲಿ ಯಾರೋ ಕೊಟ್ಟರು ಅಂತ.

ಅಪ್ಪನಿಗೆ ನಿಮ್ಮ ಕಾಗದ ಓದಿಲ್ಲ. ಅವ್ವನಿಗೆ ಓದಿದೆ. ಅವಳು ಪೂರ್ತಿ ಕೇಳಿ ಎದ್ದು ಹೋಗಿ ಪಾತ್ರೆ ತಿಕ್ಕಿದಳು. 'ನಿಮ್ಮಪ್ಪಗ ಹೇಳಬ್ಯಾಡ, ಆ ನಂಬಿಕಿ ಒಂದು ಇರಲಿ' ಅಂದಳು.

ಆದರೆ ಹೇಳದೆ ಬಿಡುವ ಹಾಗಿಲ್ಲ. ಪಕ್ಕದ ಬೆಡ್ಡಿನಲ್ಲಿ ಭೈರೇಶ್ ಅಂತ ಇದ್ದಾರೆ, ಕೆಂಗೇರಿ ಉಪನಗರದವರು, ಆಟೋ ಓಡಿಸುತ್ತಾರೆ. ಅದೇ ಕಾಯಿಲೆ, ಅವರದೂ ಜೀನ್ ರಿಪೋರ್ಟ್ ಬರಬೇಕು. ಕಾಯುವುದು ಕಷ್ಟವಾಗಿ ಅವರ ಹೆಂಡತಿ ರಮ್ಯಶ್ರೀ ಅಕ್ಕ ಅಳುತ್ತಿದ್ದರು. ತನಗೆ ಹತ್ತದಿದ್ದರೂ ಅವರಿಗೆ ಹತ್ತೀತು ಅಂತ ಅಪ್ಪ ಅವ್ವನನ್ನು ಮನೆಗೆ ಕಳಿಸಿ ಡಬ್ಬಿಯಲ್ಲಿ ಉಳಿದಿದ್ದ ಎರಡು ಸ್ಟ್ರಿಪ್ ತರಿಸಿ ಕೊಟ್ಟರು. ನೀರು ಬಿಟ್ಟು ಕೊಟ್ಟರು ಮಿಸ್, ನಿಮ್ಮ ಹಾಗೆಯೇ, ಬಾಟಲಿಯ ಮುಚ್ಚಳದಲ್ಲಿ ನೀರು ಹಿಡಿದು. ಅವ್ವ ಬಾಯಿ ಬಿಡಲಿಲ್ಲ. ಬಿಟ್ಟರೆ ಎಲ್ಲ ಹೇಳಬೇಕಾಗುತ್ತಿತ್ತು.

ಯುಗಾದಿ ಆದ ಮೇಲೆ ಶುರು ಮಾಡುತ್ತಾರಂತೆ. ನಾನು ರಮ್ಯಶ್ರೀ ಅಕ್ಕನನ್ನು ಪಕ್ಕಕ್ಕೆ ಕರೆದು ಬೇಡ ಅಂದೆ. 'ಯಾಕಮ್ಮಾ, ನಿಮ್ಮಪ್ಪ ಕೊಟ್ಟಿದ್ದು ನಿಂಗೆ ಹೊಟ್ಟೆಕಿಚ್ಚಾ?' ಅಂದರು. ಅಪ್ಪನ ಹತ್ತಿರ ಹೇಳಿದೆ, ಆ ಮಾತ್ರೆ ಅವರಿಗೆ ಆಗಲ್ಲ ಅಂತ. 'ಅಕ್ಕೋರು ಹೇಳ್ಯಾರೇನ?' ಅಂದರು. ಹೌದು ಅನ್ನಲು ನಾಲಿಗೆ ಏಳಲಿಲ್ಲ. ಡಾಕ್ಟರಿಗೆ ಹೇಳೋಣ ಅಂದರೆ ನನ್ನ ಸುಳ್ಳು ಅಡ್ಡ ನಿಂತಿದೆ. ಹೀಗೆ ಮೂರು ದಿನದಿಂದ ವೆರಾಂಡದಲ್ಲಿ ಕೂತಿದ್ದೇನೆ, ನಾಚಿಕೆಯಿಲ್ಲದವಳ ಹಾಗೆ. ನೀವು ಹೇಳಿದರೆ ಮಾತ್ರ ಅಪ್ಪ ಕೇಳುತ್ತಾರೆ.

ಶಿಲ್ಪಾ


ಮೇಲುಕೋಟೆ
27 ಮಾರ್ಚ್ 2025

ತಮ್ಮಣ್ಣನವರಿಗೆ ಅಲಮೇಲು ಮಾಡುವ ನಮಸ್ಕಾರ.

ಇದನ್ನು ಅಂಚೆಗೆ ಹಾಕುವ ಮೊದಲು ವರಲಕ್ಷ್ಮಿ ಫೋನಿನಲ್ಲಿ ನಿಮಗೆ ಓದಿ ಹೇಳುತ್ತಾಳೆ. ಯುಗಾದಿಗೆ ಮೂರೇ ದಿನ ಇದೆ, ಅಂಚೆಯನ್ನು ನಂಬಿ ಕೂರುವ ಹಾಗಿಲ್ಲ. ಕೆಳಗೆ ಬರೆದದ್ದನ್ನು ಮೊದಲೇ ಅವಳಿಗೆ ಕೊಟ್ಟಾಗ ಓದುತ್ತ ಓದುತ್ತ ನನ್ನ ಮುಖ ನೋಡಿದಳು. ನಾನು ಕೂತೇ ಇದ್ದೆ. ಶಿಲ್ಪಾ, ಸ್ಪೀಕರ್ ಹಾಕು. ಭೈರೇಶ್ ಮತ್ತು ಅವರ ಹೆಂಡತಿಯೂ ಕೇಳಲಿ.

ತಮ್ಮಣ್ಣ, ನಾನು ಕೊಟ್ಟ ಮಾತ್ರೆ ನಿಮ್ಮ ಕಾಯಿಲೆಯದಲ್ಲ. ಹೆಸರು ಒಂದೇ, ಒಳಗಿನ ಕಾಯಿಲೆ ಬೇರೆ. ನಿಮಗೆ ಯಾವ ಮಾತ್ರೆ ಬೇಕು ಅಂತ ಹೇಳುವುದಕ್ಕೇ ಆಸ್ಪತ್ರೆಯವರು ಎರಡನೆಯ ಸೂಜಿ ಕೇಳಿದ್ದರು. ಬೇಡ ಅಂದವಳು ನಾನು. ನಾಲ್ಕು ತಿಂಗಳು ನೀವು ನುಂಗಿದ ಮಾತ್ರೆ ಗುಳ್ಳೆ ತರಿಸಿತು, ಹೊಟ್ಟೆ ಕೆಡಿಸಿತು, ಗಡ್ಡೆಯನ್ನು ಮುಟ್ಟಲಿಲ್ಲ. ಬೇರೆಯವರಿಗೆ ಕೊಡಬಾರದು ಅಂತ ನಮ್ಮ ಡಾಕ್ಟರು ಹೇಳಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ. ಸಂಕ್ರಾಂತಿಯ ಮಾರನೆಯ ದಿನ ನನ್ನ ಬರಹದಲ್ಲೇ ಅದನ್ನು ಮತ್ತೆ ಓದಿದೆ. ಓದಿಯೂ ನಲವತ್ತೆಂಟು ದಿನ ಬಾಯಿ ಮುಚ್ಚಿಕೊಂಡಿದ್ದೆ, ಜನರ ಮುಂದೆ ತಲೆ ತಗ್ಗಿಸಬೇಕಲ್ಲ ಅಂತ. ನಿಮ್ಮ ಕಾಲು ಹೋದದ್ದರಲ್ಲಿ ನನ್ನ ಪಾಲಿದೆ. ಎಷ್ಟು ಪಾಲು ಅಂತ ಡಾಕ್ಟರೂ ಹೇಳಲಾರರು. ಪೂರ್ತಿ ಅಂತಲೇ ನಾನು ಇಟ್ಟುಕೊಂಡಿದ್ದೇನೆ.

ಶಿಲ್ಪಾ ನಿಮಗೆ ಹೇಳಲಿಲ್ಲ ಅಂತ ಅವಳನ್ನು ಬೈಯಬೇಡಿ. ನನ್ನ ಮರ್ಯಾದೆಯನ್ನು ಆ ಮಗು ಕಾಯ್ದುಕೊಂಡು ಕೂತಿತ್ತು. ಅವಳು ಡಾಕ್ಟರಿಗೆ ನಿಜ ಹೇಳಲಿ, ನನ್ನ ಹೆಸರು, ಮನೆ ವಿಳಾಸ ಎಲ್ಲ ಹೇಳಲಿ.

ರಮ್ಯಶ್ರೀಯವರೇ, ನಿಮ್ಮ ಯಜಮಾನರ ರಿಪೋರ್ಟ್ ಬರುವ ತನಕ ಕಾಯಿರಿ. ಅದರಲ್ಲಿ ಯಾವ ಜೀನ್ ಬಂದರೂ ಬರಲಿ, ಯಾವುದೂ ಬರದೆ ಇರಲಿ, ನಿಮ್ಮ ಡಾಕ್ಟರು ಬರೆದುಕೊಟ್ಟದ್ದನ್ನು ಮಾತ್ರ ನುಂಗಿಸಿ. ಕಾಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಕಾಯದೆ ಇದ್ದರೆ ಏನಾಗುತ್ತದೆ ಅಂತ ಪಕ್ಕದ ಬೆಡ್ಡಿನಲ್ಲಿ ನೋಡಿ.

ತಮ್ಮಣ್ಣ, ಕ್ಷಮಿಸಿ ಅಂತ ಕೇಳುವುದಿಲ್ಲ. ನಾನು ಕೇಳಿದರೆ ನೀವು ಇಲ್ಲ ಅನ್ನುವವರಲ್ಲ, ಅದು ನನಗೆ ಗೊತ್ತು. ಅದನ್ನೂ ಬಳಸಿಕೊಳ್ಳಲಾರೆ. ಒಂದು ಸಲ ನಿಮ್ಮೆದುರು ಬಂದು ಇದನ್ನೆಲ್ಲ ಬಾಯಿಂದ ಹೇಳಬೇಕು. ಬರಬಹುದೋ ಬೇಡವೋ ತಿಳಿಸಿ. ಬೇಡ ಅಂದರೂ ಸರಿಯೇ.

ಅಲಮೇಲು


ಶ್ರೀಗಂಧದ ಕಾವಲ್
3 ಏಪ್ರಿಲ್ 2025

ಮಿಸ್ ಅವರಿಗೆ,

ವರಲಕ್ಷ್ಮಿ ಅಮ್ಮ ಫೋನಿನಲ್ಲಿ ಓದಿದ್ದು ವಾರ್ಡಿಗೆಲ್ಲ ಕೇಳಿಸಿತು. ಓದಿ ಮುಗಿದ ಮೇಲೆ ಅಪ್ಪನೇ ಕೈ ಚಾಚಿ, 'ರಮ್ಯಕ್ಕ, ಅವನ್ನ ಇತ್ತ ಕೊಡವ್ವ. ಕೊಟ್ಟಿದ್ದು ತಪ್ಪಾತು' ಅಂದರು. ಅವರು ಬ್ಯಾಗಿನಿಂದ ತೆಗೆದುಕೊಟ್ಟರು. ಇನ್ನೂ ಒಡೆದಿರಲಿಲ್ಲ. ಅದನ್ನು ತಗೊಂಡು ಹೋಗಿ ಡಾ. ಮಾಲವಿಕಾ ಅವರ ಟೇಬಲ್ ಮೇಲೆ ಇಟ್ಟೆ, ನಾನು ಹೇಳಿದ್ದ ಸುಳ್ಳನ್ನೂ ಒಪ್ಪಿಕೊಂಡೆ. ಅವರು ಬೈದರು. ಬೈಸಿಕೊಂಡ ಮೇಲೆ ತುಂಬ ದಿನದ ನಂತರ ಹೊಟ್ಟೆ ತುಂಬ ಊಟ ಮಾಡಿದೆ.

ಭೈರೇಶ್ ಅವರ ರಿಪೋರ್ಟ್ ಇನ್ನೂ ಬಂದಿಲ್ಲ. ಕಾಯುತ್ತಿದ್ದಾರೆ.

ಅಪ್ಪ ಆವತ್ತು ಊಟ ಮಾಡಲಿಲ್ಲ. ಸಂಜೆ ನನ್ನನ್ನು ಕರೆದು, ಅಕ್ಕೋರಿಗೆ ಗೊತ್ತಾಗಿದ್ದು ಯಾವತ್ತು ಅಂತ ಮತ್ತೆ ಕೇಳಿದರು. ಸಂಕ್ರಾಂತಿಯ ಮಾರನೆಯ ದಿನ ಅಂದೆ. 'ಆವಾಗಿನ್ನ ನಾ ನಡ್ಯಾಕತ್ತಿದ್ದೆ' ಅಂದರು. ಅಷ್ಟೇ ಅಂದದ್ದು, ಮತ್ತೆ ಆ ಮಾತು ಎತ್ತಲಿಲ್ಲ. ನಿಮಗೆ ತಿಳಿಸದೆ ಇರೋಣ ಅಂದುಕೊಂಡಿದ್ದೆ. ಇನ್ನು ಮುಚ್ಚಿಡುವುದು ಬೇಡ ಅಂತ ಬರೆದಿದ್ದೇನೆ.

ಹೊಸ ಮಾತ್ರೆಗೆ ಹತ್ತು ದಿನ ದಾಟಿತು. ಕೆಮ್ಮು ನಿಜವಾಗಿಯೂ ಕಡಿಮೆಯಾಗಿದೆ, ರಕ್ತ ನಿಂತಿದೆ. ಅಪ್ಪನ ಜೀವಕ್ಕೆ ಸದ್ಯ ಭಯವಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಕಾಲಿನ ಬಗ್ಗೆ ನಾವು ಕೇಳುವುದನ್ನು ಬಿಟ್ಟಿದ್ದೇವೆ. ನಿನ್ನೆ ಮನೆಗೆ ಕರೆದುಕೊಂಡು ಬಂದೆವು.

ನೀವು ಬರುವ ವಿಷಯ ಕೇಳಿದೆ. ಅವ್ವ ನಿಮ್ಮೆದುರು ಬರುವುದಿಲ್ಲ ಅಂದಿದ್ದಾಳೆ. ಅವತ್ತು ತನ್ನ ಅಕ್ಕನ ಮನೆಗೆ ಹೋಗಿರುತ್ತಾಳಂತೆ. ನಾನು ಒತ್ತಾಯ ಮಾಡಲಿಲ್ಲ. ಅಪ್ಪ ಬರಲಿ ಅಂದರು. ಭಾನುವಾರ ಬನ್ನಿ. ಬಸ್ ಸ್ಟಾಪಿಗೆ ನಾನು ಬರುತ್ತೇನೆ.

ಅಪ್ಪ ಬೆಳಿಗ್ಗೆಯಿಂದ ಒಂದೇ ವಿಷಯಕ್ಕೆ ಒದ್ದಾಡುತ್ತಿದ್ದಾರೆ. ಸ್ಟಾಫ್ ರೂಮಿನಲ್ಲಾಗಲಿ ಎಲ್ಲೇ ಆಗಲಿ, ನಿಮ್ಮ ಮುಂದೆ ಅವರು ಯಾವತ್ತೂ ಕೂತಿದ್ದಿಲ್ಲವಂತೆ. 'ಅಕ್ಕೋರು ಒಳಗ ಬಂದಾಗ ನಂಗ ಏಳಾಕ ಆಗಂಗಿಲ್ಲ. ತಪ್ಪು ತಿಳ್ಕೊಬ್ಯಾಡ್ರಿ ಅಂತ ಮೊದಲ ಬರದುಬಿಡವ್ವ, ನಂಗ ನಾಚಿಕಿ ಆಗತೈತಿ' ಅಂದರು. ಅದಕ್ಕೆ ಬರೆದಿದ್ದೇನೆ.

ಶಿಲ್ಪಾ